ಚಕ್ರ ತೆಗೆಯದ ಮನೆ

೨೪ ಆಗಸ್ಟ್ ೧೯೫೪, ಮಂಗಳವಾರ

ಹನುಮಕ್ಕ ಇವತ್ತೂ ಮಾತಾಡಲಿಲ್ಲ. ಮೂರು ದಿನ ಆಯಿತು. ಮುದ್ದೆ ಇಡುತ್ತಾಳೆ, ಸಾರು ಬಿಡುತ್ತಾಳೆ, ಇನ್ನೂ ಬೇಕಾ ಅಂತ ಕೇಳುವುದಿಲ್ಲ. ನಾನೇ ಕೇಳಿಕೊಂಡು ನಾನೇ ಹೂಂ ಅಂದುಕೊಂಡು ಉಣ್ಣುತ್ತಿದ್ದೇನೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಷ್ಟು ನೆಮ್ಮದಿಯಾಗಿ ಉಂಡದ್ದು ಇದೇ ಮೊದಲು ಅಂತ ಗಟ್ಟಿಯಾಗಿ ಹೇಳಿ ನೋಡಿದೆ. ನಗಲಿಲ್ಲ.

ತಪ್ಪು ನನ್ನದಂತೆ. ಶನಿವಾರ ಚಕ್ರಪಾಣಿ ಸಾಹೇಬರು ಬಂದಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತಂತೆ, ಅವತ್ತೇ ಅಂದಳು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಆಮೇಲೆ ಓದಿ ನೋಡಿದರೆ ತಪ್ಪು ಯಾರದು ಅಂತ ತಿಳಿಯುತ್ತದೆ.

ನಮ್ಮ ಮನೆ ಅಂದರೆ ರೈಲಿನ ಮೂರನೇ ಕ್ಲಾಸಿನ ಹಳೇ ಡಬ್ಬಿ, ನಂಬರು ೧೧೭. ನಲವತ್ತಮೂರರಲ್ಲಿ ಅದನ್ನು ಓಟದಿಂದ ತೆಗೆದು, ಇನ್ನೂ ಮೂರು ಮುದಿ ಡಬ್ಬಿಗಳ ಜೊತೆ, ಕೆಂಗೇರಿ ಸ್ಟೇಷನ್ ಹಿಂದಿನ ಕೊನೆಯ ಲೈನಿಗೆ ತಳ್ಳಿ ಬಿಟ್ಟರು. ಯುದ್ಧದ ಕಾಲ, ಸಿಟಿ ಯಾರ್ಡಿನಲ್ಲಿ ಗಾಡಿಗಳಿಗೆ ಎಣ್ಣೆ ಬಿಡುವ ನನ್ನಂಥವರಿಗೆ ಮನೆ ಇಲ್ಲ. ಆಗಿನ ಫೋರ್‌ಮನ್ನರು, "ಲೋ ಕೆಂಪಯ್ಯ, ಸದ್ಯಕ್ಕೆ ಅದರಲ್ಲೇ ಇರು," ಅಂದರು. ಅವರು ಸತ್ತು ಐದು ವರ್ಷ ಆಯಿತು, ಸದ್ಯ ಇನ್ನೂ ಮುಗಿದಿಲ್ಲ.

ಉಳಿದ ಮೂರಕ್ಕೆ ನಲವತ್ತಾರರಲ್ಲಿ ಚಕ್ರ ಬಿಚ್ಚಿ, ಬರೀ ಮೈಯನ್ನು ಕಲ್ಲಿನ ಮೇಲೆ ಕೂರಿಸಿದರು. ಒಂದನ್ನು ಊರಿನ ಸಾಹುಕಾರ ಮುನಿವೆಂಕಟಪ್ಪ ಹರಾಜಿನಲ್ಲಿ ಕೊಂಡು ಹೊಲಕ್ಕೆ ಸಾಗಿಸಿ ದನ ಕಟ್ಟಿದ್ದಾನೆ. ಒಂದರಲ್ಲಿ ಸುಣ್ಣದ ಮೂಟೆ, ಹಾರೆ, ಪಿಕಾಸಿ. ಮೂರನೆಯದರಲ್ಲಿ ಹಳಿ ರಿಪೇರಿ ಗ್ಯಾಂಗಿನ ಸಿದ್ದಬಸಪ್ಪ ಇದ್ದಾನೆ. ನಮ್ಮದಕ್ಕೆ ಮಾತ್ರ ಚಕ್ರ ಉಳಿಯಿತು. ಉಳಿಸಿದವನು ನಾನೇ. ಜಾಕಿ ಹಿಡಿದು ಬಂದವರಿಗೆ ಹನುಮಕ್ಕನ ಕೈಯಲ್ಲಿ ಕಾಫಿ ಕೊಡಿಸಿ, ನಗಿಸಿ ನಗಿಸಿ ವಾಪಸ್ಸು ಕಳಿಸಿದೆ. ಚಕ್ರ ಇದ್ದರೆ ಮನೆ ಎತ್ತರ. ಹಾವು ಹತ್ತುವುದಿಲ್ಲ, ಮಳೆ ನೀರು ನುಗ್ಗುವುದಿಲ್ಲ, ಕಿಟಕಿಯಲ್ಲಿ ಗಾಳಿ. ಕೆಂಗೇರಿಯಲ್ಲಿ ಉಪ್ಪರಿಗೆ ಮನೆ ಎರಡೇ, ಒಂದು ಮುನಿವೆಂಕಟಪ್ಪನದು, ಇನ್ನೊಂದು ನನ್ನದು ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ.

ಶನಿವಾರ ಚಕ್ರಪಾಣಿಯವರು ಉದ್ದನೆಯ ಸುತ್ತಿಗೆ ಹಿಡಿದು ಬಂದು ನಮ್ಮ ಚಕ್ರಗಳನ್ನು ಒಂದೊಂದಾಗಿ ಬಡಿದು ಕಿವಿಗೊಟ್ಟು ಕೇಳಿದರು. ಅವರು ಗಾಡಿ ಪರೀಕ್ಷೆ ಮಾಡುವವರು, ಹೊಸಬರು, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. "ಹೆಸರೇ ಚಕ್ರಪಾಣಿ, ಚಕ್ರ ಬಡೀದೆ ಇನ್ನೇನು ತಮಟೆ ಬಡೀತಾರಾ," ಅಂತ ನಾನು ಸಿದ್ದಬಸಪ್ಪನ ಕಿವಿಯಲ್ಲಿ ಹೇಳಿದ್ದಕ್ಕೆ ಅವನು ರುಮಾಲು ಬಿಚ್ಚಿಕೊಳ್ಳುವಷ್ಟು ನಕ್ಕ. ಆಮೇಲೆ ಅವರು ಅಚ್ಚಿನ ತುದಿಯ ಎಣ್ಣೆ ಪೆಟ್ಟಿಗೆಯ ಮುಚ್ಚಳ ಎತ್ತಿ, ಒಳಗೆ ಬೆರಳು ಅದ್ದಿ, ಮೂಸಿದರು.

"ಇದನ್ನ ಯಾರಯ್ಯ ನೋಡ್ಕೊಂಡಿರೋದು?"

"ನಾನೇ ಸ್ವಾಮಿ."

"ಹನ್ನೊಂದು ವರ್ಷ ನಿಂತಿರೋ ಗಾಡಿಗೆ ಎಣ್ಣೆ ಬಿಡ್ತಾ ಇದೀಯ?"

"ಪ್ರತಿ ಆಯುಧಪೂಜೆಗೂ, ಎಂಟೂ ಪೆಟ್ಟಿಗೆಗೂ. ಎಣ್ಣೆ ಹೀರೋ ಹಳೇ ದಾರದ ಉಂಡೆ ತೆಗೆದು ಹೊಸದು ಹಾಕ್ತೀನಿ. ಊರೋರ ಚಕ್ರಕ್ಕೆಲ್ಲ ಎಣ್ಣೆ ಬಿಟ್ಟು ನನ್ನ ಮನೇದನ್ನ ಒಣಗಿಸಕ್ಕಾಗ್ತದಾ ಸ್ವಾಮಿ? ನಾಳೆ ಇಂಜಿನ್ ಕಟ್ಟಿ, ಮೈಸೂರಿಗೆ ಹೋಗಿ ಬರ್ತದೆ."

ಎದೆ ಉಬ್ಬಿಸಿ ಹೇಳಿದೆ. ಹನುಮಕ್ಕ ಪೊರಕೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಚಕ್ರಪಾಣಿಯವರು ನಕ್ಕು, ಪುಸ್ತಕ ತೆಗೆದು ಏನೋ ಬರೆದುಕೊಂಡರು. ದಸರಾಕ್ಕೆ ಮೈಸೂರಿಗೆ ಸ್ಪೆಷಲ್ ಗಾಡಿ ಬಿಡಬೇಕು, ಡಬ್ಬಿ ಸಾಲುತ್ತಿಲ್ಲ ಅಂತ ಹೊರಡುವಾಗ ಹೇಳಿದರು.

ಅಷ್ಟೇ ನಡೆದದ್ದು. ಓದಿ ನೋಡಿದೆ. ನನ್ನ ತಪ್ಪು ಕಾಣಲಿಲ್ಲ.

೩೧ ಆಗಸ್ಟ್, ಮಂಗಳವಾರ. ಗೌರಿ ಹಬ್ಬ

ಬಾಗಿನ ತೆಗೆದುಕೊಂಡು ಮಗಳು ಕಲ್ಯಾಣಿಯ ಗಂಡನ ಮನೆಗೆ, ಲಗ್ಗೆರೆಗೆ ಹೋಗಿ ಬಂದೆ. ಸಿಟಿವರೆಗೆ ರೈಲು, ಅಲ್ಲಿಂದ ನಡಿಗೆ. ರಾಜಾಜಿನಗರದಲ್ಲಿ ಸಾಲು ಸಾಲು ಪಾಯ ಅಗೆದಿದ್ದಾರೆ. ಒಂದು ಗುಂಡಿಯಲ್ಲಿ ಕಲ್ಲು ಕೂರಿಸುತ್ತಿದ್ದವನನ್ನು, "ಏನಣ್ಣ, ಚಕ್ರ ಹಾಕೋದು ಮರೆತುಬಿಟ್ಟಿದೀರಲ್ಲ," ಅಂತ ಕೇಳಿದೆ. ಅವನಿಗೆ ಅರ್ಥ ಆಗಲಿಲ್ಲ. ಆದರೂ ಬೀಡಿ ಕೊಟ್ಟ.

ಕಲ್ಯಾಣಿಗೆ ಮೈ ತುಂಬಿದೆ. ಮುಖದಲ್ಲಿ ಕಳೆ ಬಂದಿದೆ. ಚೊಚ್ಚಲು, ಬಾಣಂತನ ನಮ್ಮದು. ಬರುವ ಒಂಬತ್ತನೇ ತಾರೀಖಿಗೆ ಏಳನೇ ತಿಂಗಳು, ಗುರುವಾರ, ಪಿತೃಪಕ್ಷ ಹುಟ್ಟುವ ಮುಂಚೆ ಬಂದು ಕರೆದುಕೊಂಡು ಹೋಗಿ ಅಂತ ಬೀಗಿತ್ತಿ ಅಕ್ಕಯ್ಯಮ್ಮ ಹೇಳಿದಳು. ಆ ಹೆಂಗಸು ಮಾತಾಡಿದರೆ ಕೊಡಲಿ ಕಟ್ಟಿಗೆಗೆ ಬಿದ್ದ ಹಾಗೆ.

"ಅದೇ ರೈಲು ಡಬ್ಬೀಲಾ ಬಾಣಂತನ?"

"ನಿಮ್ಮ ಮನೇಗೆ ಎಷ್ಟು ಕಿಟಕಿ ಬೀಗಿತ್ತೀ? ನಾಲ್ಕು. ನಮ್ಮನೇಗೆ ಇಪ್ಪತ್ತನಾಲ್ಕು. ಅದೂ ಅಲ್ದೆ ಚಕ್ರ ಇದೆ. ನೀವು ಮೊಮ್ಮಗನ್ನ ನೋಡಬೇಕು ಅಂದ್ರೆ ಮನೇನೇ ಲಗ್ಗೆರೆಗೆ ಓಡಿಸ್ಕೊಂಡು ಬರ್ತೀನಿ."

ಎಲ್ಲರೂ ನಕ್ಕರು. ಮದುವೆಯಲ್ಲೂ ಇದೇ ಮಾತು ಹೇಳಿದ್ದೆ. ಹಳೇದಾದರೂ ಚೆನ್ನಾಗಿ ಓಡುತ್ತದೆ, ನನ್ನ ಮನೆಯ ಹಾಗೇ.

ಸಾಹೇಬರು ಬಂದಿದ್ದ ವಿಷಯ ಅಲ್ಲಿ ಎತ್ತಲಿಲ್ಲ. ಎತ್ತುವಂಥದ್ದು ಏನಿದೆ.

ವಾಪಸ್ಸು ಬಂದು, ಆರನೇ ಕಿಟಕಿಯ ಮೇಲೆ ಸಾಮಾನಿಡುವ ಹಲಗೆಯ ಕೆಳಗೆ ಕಬ್ಬಿಣದ ಕೊಂಡಿ ಹಾಕಿದೆ. ತೊಟ್ಟಿಲಿಗೆ. ನಾನೇ ಜೋತು ಬಿದ್ದು ನೋಡಿದೆ, ಅಲ್ಲಾಡಲಿಲ್ಲ. ಹನುಮಕ್ಕ, "ಮೊದಲು ಇಳೀರಿ, ಕೂಸಿಗೆ ಮುಂಚೆ ನೀವು ತೂಗಿಸ್ಕೋಬೇಡಿ," ಅಂದಳು. ಹತ್ತು ದಿನದಲ್ಲಿ ಮೊದಲನೇ ಮಾತು.

೫ ಸೆಪ್ಟೆಂಬರ್, ಭಾನುವಾರ

ಮೊನ್ನೆ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಸ್ಟೇಷನ್ ಮಾಸ್ಟರು ಓದಿ ಹೇಳಿದರು. ನಂಬರ್ ೧೧೭ ಓಡಲು ಯೋಗ್ಯವಾಗಿದೆ. ಹನ್ನೆರಡನೇ ತಾರೀಖು ಇಂಜಿನ್ ಬಂದು ಎಳೆದುಕೊಂಡು ಹೋಗುತ್ತದೆ. ಒಳಗೆ ಏನಾದರೂ ಸಾಮಾನಿದ್ದರೆ ತೆಗೆಯತಕ್ಕದ್ದು.

ಸಾಮಾನು ಅಂದರೆ ನಾವು.

ನಿನ್ನೆ ಯಾರ್ಡಿನಲ್ಲಿ ಚಕ್ರಪಾಣಿಯವರನ್ನು ಹಿಡಿದೆ. ಒಳ್ಳೆಯವರು, ಕೂಗಾಡುವವರಲ್ಲ.

"ಸ್ವಾಮಿ, ಮಗಳ ಬಾಣಂತನ ಇದೆ."

"ಗೊತ್ತಿರ್ಲಿಲ್ಲ ಕೆಂಪಯ್ಯ. ಆದ್ರೆ ನೋಡು, ಹಬ್ಬಕ್ಕೆ ಮಾತ್ರ. ಹಬ್ಬ ಮುಗೀಲಿ, ವಾಪಸ್ ತಂದು ಅಲ್ಲೇ ನಿಲ್ಲಿಸ್ತೀವಿ."

"ಅದನ್ನೇ ಒಂದು ಚೀಟೀಲಿ ಬರ್ಕೊಡಿ ಸ್ವಾಮಿ, ಬೀಗರಿಗೆ ತೋರಿಸಬೇಕು."

ಅವರು ಪೆನ್ನಿನ ಕ್ಯಾಪು ತಿರುಗಿಸಿದರು. "ಹ್ಯಾಗೆ ಬರೀಲಿ ಹೇಳು. ಅದ್ರಲ್ಲಿ ಮನುಷ್ಯರು ಇದಾರೆ ಅಂತ ಕಾಗದದಲ್ಲಿ ಎಲ್ಲೂ ಇಲ್ಲ. ಚಕ್ರ ಬಿಚ್ಚಿದ್ರೆ ಅದು ಗಾಡಿ ಲೆಕ್ಕದಿಂದ ಹೋಗಿರೋದು. ಸಿದ್ದಬಸಪ್ಪನ ಡಬ್ಬೀನ ನಾನು ಮುಟ್ಟೋ ಹಾಗಿಲ್ಲ, ಅದು ಕಟ್ಟಡ. ನಿಂದು ಇನ್ನೂ ಗಾಡಿ."

ಇದನ್ನು ಹನುಮಕ್ಕನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ. "ಅವತ್ತು ಜಾಕಿ ತಂದೋರಿಗೆ ಕಾಫಿಗೆ ಬೆಲ್ಲ ಹಾಕಿದ್ದು ನಾನು, ಅಲ್ವಾ?"

ಬೆಲ್ಲ ಕಮ್ಮಿ ಹಾಕಿದ್ದರೆ ಅವರು ಸಿಟ್ಟು ಬಂದು ಚಕ್ರ ಬಿಚ್ಚಿರುತ್ತಿದ್ದರು ಅಂದೆ. ತಮಾಷೆಗೆ ಅಂದದ್ದು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

೭ ಸೆಪ್ಟೆಂಬರ್, ಮಂಗಳವಾರ

ಇವತ್ತು ರಜೆ. ಮಧ್ಯಾಹ್ನ ಸಿದ್ದಬಸಪ್ಪ ಎಲೆಅಡಿಕೆ ಹಾಕಿಕೊಂಡು ಬಂದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಕೆಂಪಣ್ಣ, ಎಲ್ಲಾದಕ್ಕೂ ಬ್ಯಾಡ. ಎರಡು ಪೆಟ್ಟಿಗೆಗೆ ಒಂದೊಂದು ಹಿಡಿ ಮರಳು. ಖಾಲಿ ಗಾಡಿ ಎಳ್ಕೊಂಡು ಹೋಗೋವಾಗ ಮೈಸೂರು ರಸ್ತೆ ಗೇಟು ದಾಟೋದ್ರೊಳಗೆ ಅಚ್ಚು ಕಾದು ಹೊಗೆ ಬರ್ತದೆ. ಕೆಟ್ಟ ಗಾಡಿ ಅಂತ ತಂದು ಇಲ್ಲೇ ಎಸೀತಾರೆ. ಯಾರಿಗೂ ನೋವಿಲ್ಲ, ಯಾರೂ ಸಾಯಲ್ಲ."

ಸರಿ ಅನ್ನಿಸಿತು. ಹಳ್ಳದ ಮರಳು, ನಯವಾದದ್ದು, ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬಂದೆ. ಮುಚ್ಚಳ ಎತ್ತಿದೆ. ಒಳಗೆ ಎಣ್ಣೆ ಜೇನಿನ ಹಾಗಿತ್ತು. ಮೇಲೆ ಒಂದು ಇರುವೆ ಬಿದ್ದಿತ್ತು. ಅದನ್ನು ಕಡ್ಡಿಯಲ್ಲಿ ತೆಗೆದೆ. ದಾರದ ಉಂಡೆ ಒಂದು ಕಡೆ ಜರುಗಿತ್ತು, ಸರಿಮಾಡಿದೆ. ಎಣ್ಣೆ ಒಂದು ಬೆರಳು ಕಮ್ಮಿ ಇತ್ತು.

ಒಳಗೆ ಬಂದಾಗ ಹನುಮಕ್ಕ ಕೇಳಿದಳು.

"ಹಾಕಿದ್ರಾ?"

"ಹಾಕ್ದೆ."

"ಏನು?"

"ಎಣ್ಣೆ."

ಅವಳು ಬೂದಿ ಬಟ್ಟಲು ಮುಂದೆ ತಳ್ಳಿ, "ಕೈ ತೊಳ್ಕೊಳ್ಳಿ," ಅಂದಳು. ಎಣ್ಣೆ ಕೈಯಲ್ಲಿ ತಟ್ಟೆ ಮುಟ್ಟಬಾರದು ಅನ್ನುವುದು ನಮ್ಮ ಸಂಸಾರದ ಮೊದಲನೇ ಕಾನೂನು. ಕಲ್ಯಾಣಿಗೆ ಮಾತು ಬಂದಾಗ ಅಮ್ಮ, ಅಪ್ಪ ಆದ ಮೇಲೆ ಕಲಿತದ್ದು "ಕೈ ತೊಳ್ಕೋ" ಅಂತಲೇ.

೯ ಸೆಪ್ಟೆಂಬರ್, ಗುರುವಾರ

ಲಗ್ಗೆರೆಗೆ ಹೋದೆ. ಕಲ್ಯಾಣಿ ಟ್ರಂಕು ಕಟ್ಟಿ, ಹೂ ಮುಡಿದು, ಜಗಲಿಯ ಮೇಲೆ ಕೂತಿದ್ದಳು.

ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ನಗುನಗುತ್ತಾ ಹೇಳಿದರೆ ಹಗುರ ಆಗುತ್ತದೆ ಅಂತ ಲೆಕ್ಕ. "ನಮ್ಮನೆ ದಸರಾ ನೋಡಕ್ಕೆ ಮೈಸೂರಿಗೆ ಹೊರಟಿದೆ ಬೀಗಿತ್ತೀ. ಹನ್ನೊಂದು ವರ್ಷದಿಂದ ಒಂದೇ ಕಡೆ ಕೂತು ಬೇಜಾರಾಗಿದ್ಯಂತೆ," ಅಂದೆ.

ಅಕ್ಕಯ್ಯಮ್ಮ ಮೊದಲು ನಕ್ಕಳು. ಆಮೇಲೆ ವಿಷಯ ಬಿಡಿಸಿ ಬಿಡಿಸಿ ಕೇಳಿದಳು. ಎಲ್ಲ ಹೇಳಿದೆ. ಪಡಸಾಲೆಯಲ್ಲಿ ನೆಂಟರಿಷ್ಟರು ಏಳೆಂಟು ಜನ ಇದ್ದರು.

"ಅಲ್ಲಾ ಬೀಗರೇ, ಚಕ್ರ ಇದೆ, ಲಗ್ಗೆರೆಗೇ ಓಡಿಸ್ಕೊಂಡು ಬರ್ತೀನಿ ಅಂದಿದ್ರಲ್ಲ. ತನ್ನಿ. ನಮ್ಮ ಕಣದಲ್ಲಿ ಜಾಗ ಮಾಡಿಸ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿಯೇ ಇತ್ತು, ನನ್ನದೇ ತಾನೆ. ಕಲ್ಯಾಣಿ ಒಬ್ಬಳು ತಲೆಯ ಹೂ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಹೊರಡುವಾಗ ಅಕ್ಕಯ್ಯಮ್ಮ ಬಾಗಿಲವರೆಗೆ ಬಂದಳು. ಈಗ ನಗು ಇರಲಿಲ್ಲ. "ಎಂಟರಲ್ಲಿ ಕಳಿಸೋ ಪದ್ಧತಿ ಇಲ್ಲ ನಮ್ಮಲ್ಲಿ. ಒಂಬತ್ತಕ್ಕೆ ಬನ್ನಿ. ಮನೆ ಅಂತ ಒಂದು ಇಟ್ಕೊಂಡು ಬನ್ನಿ. ಇಲ್ಲಾಂದ್ರೆ ಬರೋದು ಬ್ಯಾಡ, ಹೆರಿಗೆ ಇಲ್ಲೇ ಆಗ್ತದೆ. ಹುಡುಗಿಗೆ ತವರಿಲ್ಲ ಅಂದ್ಕೋತೀವಿ."

ವಾಪಸ್ಸು ಬರುವಾಗ ರಾಜಾಜಿನಗರದ ಪಾಯಗಳಲ್ಲಿ ಗೋಡೆ ಮೊಣಕಾಲೆತ್ತರ ಬಂದಿತ್ತು. ಅವತ್ತಿನವನು ಗುರುತು ಹಿಡಿದು ಕೈ ಬೀಸಿದ. ನೋಡದವನ ಹಾಗೆ ಬಂದುಬಿಟ್ಟೆ. ಯಾಕೋ.

೧೨ ಸೆಪ್ಟೆಂಬರ್, ಭಾನುವಾರ

ಬೆಳಗ್ಗೆ ಹನುಮಕ್ಕ ಒಲೆ ಒಡೆದಳು. ಸಗಣಿ ಸಾರಿಸಿದ ನೆಲ ಒಂದು ಬಾರಿ ಗುಡಿಸಿದಳು, ಬೇರೆಯವರು ಬರುತ್ತಾರಲ್ಲ ಅಂತ. ಸೋರೆ ಬಳ್ಳಿ ಕಿಟಕಿ ಸರಳಿಗೆ ಹಬ್ಬಿತ್ತು. ಬಿಡಿಸೋಣ ಅಂದೆ. ಬೇಡ ಅಂದಳು.

ಹತ್ತು ಗಂಟೆಗೆ ಇಂಜಿನ್ ಬಂತು. ಕೊಂಡಿ ಸಿಕ್ಕಿಸಿದರು. ಹನ್ನೊಂದು ವರ್ಷ ನಿಂತ ಗಾಡಿ, ಎಳೆದರೆ ಕಿರುಚುತ್ತದೆ, ಜಗ್ಗುತ್ತದೆ ಅಂತ ಎಲ್ಲರೂ ಕಿವಿ ಕೊಟ್ಟು ನಿಂತಿದ್ದರು. ಒಂದು ಸದ್ದಿಲ್ಲ. ನಡುಮನೆಯಿಂದ ಎದ್ದು ಅಡುಗೆಮನೆಗೆ ಹೋದ ಹಾಗೆ ಹೊರಟುಹೋಯಿತು. ಬಳ್ಳಿ ಹತ್ತು ಗಜ ಜೊತೆಗೆ ಹೋಗಿ, ಆಮೇಲೆ ಕಿತ್ತುಕೊಂಡಿತು.

"ಬೆಣ್ಣೆ ಕಣಯ್ಯ," ಅಂದ ಡ್ರೈವರು ನನ್ನ ಕಡೆ ನೋಡಿ. ಮೆಚ್ಚಿಕೊಂಡು ಅಂದ.

ಈಗ ಸಿದ್ದಬಸಪ್ಪನ ಡಬ್ಬಿಯ ಒಂದು ತುದಿಯಲ್ಲಿದ್ದೇವೆ. ಮಧ್ಯೆ ಗೋಣಿತಾಟಿನ ಪರದೆ. ಅವರು ಲಿಂಗವಂತರು, ನಮ್ಮ ಕೋಳಿಗಳು ಅಲ್ಲಿ ಆಗುವುದಿಲ್ಲ. ಐದನ್ನೂ ಮುನಿವೆಂಕಟಪ್ಪನ ಆಳಿಗೆ ಕೊಟ್ಟದ್ದಾಯಿತು. ಕೋಳಿಗಳೂ ಡಬ್ಬಿಗೇ ಹೋಗಿವೆ, ದನದ ಜೊತೆ. ಅವಕ್ಕೆ ಮನೆ ಸಿಕ್ಕಿತು.

೧೬ ಸೆಪ್ಟೆಂಬರ್

ಕಲ್ಲಿನ ಮೇಲೆ ಕೂತ ಮನೆಗೆ ಹೆಗ್ಗಣ ಬರುತ್ತದೆ. ಬೇರೇನಿಲ್ಲ.

೩೦ ಸೆಪ್ಟೆಂಬರ್, ಗುರುವಾರ

ದಸರಾ ಸ್ಪೆಷಲ್ ಶುರುವಾಗಿ ಮೂರು ದಿನ. ಇವತ್ತು ನನ್ನ ಸರದಿಗೆ ಬಂತು. ಒಂಬತ್ತು ಡಬ್ಬಿ, ಹಿಂದಿನಿಂದ ಎರಡನೆಯದು ೧೧೭. ಮೈಗೆ ಹೊಸ ಬಣ್ಣ ಬಳಿದಿದ್ದಾರೆ. ಬಣ್ಣ ಬಳಿದರೇನು, ನಾಲ್ಕನೇ ಕಿಟಕಿಯ ಸರಳು ನಾನು ಬಗ್ಗಿಸಿದ್ದು, ಹನುಮಕ್ಕ ಸೋರೆಕಾಯಿ ತೂರಿಸಿ ತೆಗೆದುಕೊಳ್ಳಲಿ ಅಂತ, ಹಾಗೇ ಇದೆ.

ಎಂಟು ಪೆಟ್ಟಿಗೆಗೂ ಎಣ್ಣೆ ಬಿಟ್ಟು, ಒಂದೊಂದಕ್ಕೂ ಕೈಯ ಹಿಂಭಾಗ ಮುಟ್ಟಿಸಿ ನೋಡಿದೆ. ಇಪ್ಪತ್ತಾರು ವರ್ಷದಿಂದ ಹಾಗೆ ನೋಡುತ್ತೇನೆ. ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ, ಬಿಸಿ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಬಿಸಿ ಇರಲಿಲ್ಲ. ನಮ್ಮ ಕೆಲಸದವರು, "ಏನು ಕೆಂಪಣ್ಣ, ಮನೆ ಬಾಡಿಗೆಗೆ ಬಿಟ್ಟೆಯಂತೆ," ಅಂದರು. "ಹೌದು ಕಣ್ರೋ, ಒಂದೇ ದಿನಕ್ಕೆ ಎಪ್ಪತ್ತು ಸಂಸಾರ," ಅಂದೆ. ನಕ್ಕರು.

ಡ್ಯೂಟಿ ಮುಗಿದಿತ್ತು. ಪಾಸಿದೆಯಲ್ಲ, ಕೆಂಗೇರಿಗೆ ಅದರಲ್ಲೇ ಹೋಗೋಣ ಅನ್ನಿಸಿ ಹತ್ತಿದೆ. ಕಾಲಿಡಲು ಜಾಗವಿಲ್ಲ. ನಮ್ಮ ದೇವರ ಪಟ ಇದ್ದ ಜಾಗದಲ್ಲಿ ಒಬ್ಬ ತಲೆ ಆನಿಸಿ ಮಲಗಿದ್ದ. ಒಲೆ ಇದ್ದ ಮೂಲೆಯಲ್ಲಿ ಒಬ್ಬಳು ಅಜ್ಜಿ ಚಾವಣಿಯ ಮಸಿ ನೋಡಿ, "ಇದೇನ್ರಪ್ಪಾ, ಈ ಗಾಡೀಲಿ ಒಗ್ಗರಣೆ ವಾಸನೆ ಬರ್ತದೆ," ಅಂತ ಎಲ್ಲರನ್ನೂ ಕೇಳುತ್ತಿದ್ದಳು. ಅವಳ ಮಗ, "ಹಸಿವಾಗಿದೆ ಅಂತ ನೇರ ಹೇಳವ್ವ," ಅಂದ.

ಆರನೇ ಕಿಟಕಿಯ ಹತ್ತಿರ ನನ್ನ ಕೊಂಡಿಗೆ ಯಾರೋ ಹಳೇ ಸೀರೆ ಕಟ್ಟಿದ್ದರು. ಒಳಗೆ ಮೂರು ನಾಲ್ಕು ತಿಂಗಳ ಕೂಸು ಮಲಗಿತ್ತು. ಗಾಡಿ ತೂಗಿದ ಹಾಗೆ ತಾನೇ ತೂಗುತ್ತಿತ್ತು. ಕೊಂಡಿ ಅಲ್ಲಾಡುತ್ತಿರಲಿಲ್ಲ. ನೋಡಿದೆ. ಗಾಡಿ ಕ್ರಾಸಿಂಗಿಗೆ ನಿಂತಾಗ ಕೂಸು ಕುಂಯ್ ಅಂದಿತು. ನಾನು ಕೈ ಚಾಚಿ ಒಂದು ಸಲ ತೂಗಿದೆ.

"ಯಾರ್ರೀ ನೀವು? ಎಣ್ಣೆ ಕೈಲಿ ಮುಟ್ಟಬೇಡಿ, ಅತ್ಲಾಗೆ ನಿಂತ್ಕೊಳ್ಳಿ," ಅಂದಳು ತಾಯಿ. ಅವಳದೇನೂ ತಪ್ಪಿಲ್ಲ.

ಕೆಂಗೇರಿಯಲ್ಲಿ ಇಳಿದೆ. ನನ್ನ ಮನೆಯಲ್ಲಿ ಕೂತು, ನನ್ನ ಮನೆ ಇಲ್ಲದ ಊರಿಗೆ ಬಂದವನು ನಾನೊಬ್ಬನೇ ಇರಬೇಕು. ಈ ಮಾತನ್ನು ಸಿದ್ದಬಸಪ್ಪನಿಗೆ ಹೇಳೋಣ, ನಗುತ್ತಾನೆ ಅಂದುಕೊಂಡೆ. ಹೇಳಲಿಲ್ಲ.

೬ ಅಕ್ಟೋಬರ್, ಬುಧವಾರ. ಆಯುಧಪೂಜೆ

ಯಾರ್ಡಿನಲ್ಲಿ ಪೂಜೆ. ಇಂಜಿನ್ನಿಗೆ ಬಾಳೆಕಂಬ, ಕುಂಬಳಕಾಯಿ, ಕಡಲೆಪುರಿ. ಚಕ್ರಪಾಣಿಯವರು ಎಲ್ಲರೆದುರು ನನ್ನನ್ನು ಕರೆದು ನಿಲ್ಲಿಸಿದರು.

"ನೂರಾ ಹದಿನೇಳು ಒಂಬತ್ತು ದಿನ ಓಡಿದೆ. ಹೊಸ ಡಬ್ಬಿಗಳ ಅಚ್ಚು ಎರಡು ಸಲ ಕಾದು ನಿಂತವು. ಈ ಮುದುಕಪ್ಪನದು ಒಂದು ಸಲವೂ ಇಲ್ಲ. ಅದಕ್ಕೆ ಕಾರಣ ಈ ಕೆಂಪಯ್ಯ." ಒಂದು ಪಂಚೆ ಕೊಟ್ಟರು. ತಮ್ಮ ಕೈಯಿಂದಲೇ ದುಡ್ಡು ಹಾಕಿ ತಂದದ್ದು, ಒಳ್ಳೆಯ ಪಂಚೆ.

"ಸ್ವಾಮಿ, ನಾಳೆಗೆ ಹಬ್ಬ ಮುಗೀತದೆ. ಯಾವತ್ತು ತಂದು ನಿಲ್ಲಿಸ್ತೀರಿ?"

ಅವರಿಗೆ ಮರೆತಿರಲಿಲ್ಲ, ಮುಖ ನೋಡಿದರೇ ತಿಳಿಯಿತು. ಬುಟ್ಟಿಯ ಕಡಲೆಪುರಿಯನ್ನು ಕೈಯಲ್ಲಿ ಆಡಿಸುತ್ತಾ ನಿಧಾನವಾಗಿ ಹೇಳಿದರು. "ಮೇಲಿನೋರು ಅದನ್ನ ಖಾಯಂ ಲೆಕ್ಕಕ್ಕೆ ತಗೊಂಡುಬಿಟ್ರು. ಅರಸೀಕೆರೆ ಕಡೆಗೆ. ನಾನು ಹೇಳಿ ನೋಡ್ದೆ ಕಣಯ್ಯ. ಇಷ್ಟು ಚೆನ್ನಾಗಿ ಓಡೋ ಗಾಡೀನ ಯಾರಾದ್ರೂ ತಂದು ನಿಲ್ಲಿಸ್ತಾರಾ ಅಂದ್ರು."

ಸುತ್ತ ನಿಂತವರು ನನ್ನ ಬಾಯಿ ನೋಡುತ್ತಿದ್ದರು. ಇಂಥ ಕಡೆ ನಾನು ಒಂದು ಮಾತು ಎಸೆಯುತ್ತೇನೆ, ಎಲ್ಲರಿಗೂ ಗೊತ್ತು. ಪಂಚೆ ಕಂಕುಳಲ್ಲಿ ಇಟ್ಟುಕೊಂಡು ಬಂದೆ.

ಇಲ್ಲಿ ಪೂಜೆ ಮಾಡಲು ಚಕ್ರ ಇಲ್ಲ. ಹನುಮಕ್ಕ ಒನಕೆಗೆ, ಈಳಿಗೆಮಣೆಗೆ ಕುಂಕುಮ ಇಟ್ಟಳು. ನನ್ನ ಎಣ್ಣೆ ಡಬ್ಬಿಗೂ ಇಡಲು ಬಂದಳು. ಅದಕ್ಕೆ ಯಾಕೆ ಅಂದೆ.

೧೯ ಅಕ್ಟೋಬರ್

ಒಂದು ಡಬ್ಬಿಯ ಎರಡು ಪೆಟ್ಟಿಗೆಗೆ ಎಣ್ಣೆ ಬಿಡುವುದು ನನಗೆ ತಪ್ಪಿಹೋಗಿತ್ತಂತೆ. ಮೇಸ್ತ್ರಿ ಕಂಡುಹಿಡಿದು, "ಕೆಂಪಯ್ಯ ಮರೆತದ್ದಾ, ಇರಲಾರದು," ಅಂತ ತಾನೇ ಎಣ್ಣೆ ಬಿಟ್ಟ. ಇರಲಾರದು ಏನು ಬಂತು. ನಾನೂ ಮನುಷ್ಯನೇ.

೩೧ ಅಕ್ಟೋಬರ್, ಭಾನುವಾರ

ಚಕ್ರಪಾಣಿಯವರು ತಾವಾಗಿ ಕೆಂಗೇರಿಗೆ ಬಂದರು. ಹಬ್ಬದ ಓಟದಲ್ಲಿ ಸುಸ್ತಾದ ಇನ್ನೊಂದು ಹಳೇ ಡಬ್ಬಿ, ನಂಬರ್ ೮೩, ನಮ್ಮ ಹಳೇ ಜಾಗದಲ್ಲೇ ತಂದು ನಿಲ್ಲಿಸಿದ್ದಾರೆ. ಚಾವಣಿ ಸೋರುತ್ತದೆ, ಎರಡು ಬಾಗಿಲಿಗೆ ಚಿಲಕ ಇಲ್ಲ.

"ಇದಕ್ಕೂ ಕಾಗದ ಇಲ್ಲ. ಸದ್ಯಕ್ಕೆ ಇರು. ನಿನ್ನ ಮಗಳ್ನ ಕರ್ಕೊಂಡು ಬಾ," ಅಂದರು. ನನ್ನ ಕಣ್ಣು ನೋಡದೆ ಚಾವಣಿ ನೋಡುತ್ತಾ ಅಂದರು.

"ಚಕ್ರ ಬಿಚ್ಚಿಸ್ತೀರಾ ಸ್ವಾಮಿ?"

"ಅದಕ್ಕೆ ಆರ್ಡರ್ ಬರಬೇಕು. ಬರುತ್ತೆ. ಆರು ತಿಂಗಳೋ, ವರ್ಷವೋ."

ಕೈ ಮುಗಿದೆ. ಅವರು ಹೋದ ಮೇಲೆ ಹಳ್ಳಕ್ಕೆ ಹೋಗಿ ಬುಟ್ಟಿಯಲ್ಲಿ ಮರಳು ತಂದೆ. ನಯವಾದದ್ದಲ್ಲ, ದಪ್ಪ ಮರಳು. ದಾರದ ಉಂಡೆಗಳನ್ನು ಕಿತ್ತು ಹೊರಗೆ ಹಾಕಿ, ಎಂಟು ಪೆಟ್ಟಿಗೆಗೂ ಕಂಠದವರೆಗೆ ತುಂಬಿ, ಕಡ್ಡಿಯಲ್ಲಿ ತಿವಿದು ತಿವಿದು ಗಟ್ಟಿ ಮಾಡಿದೆ. ಮೇಲೆ ಎರಡು ಚೊಂಬು ನೀರು, ತುಕ್ಕು ಹಿಡಿಯಲಿ ಅಂತ. ಒಂದು ಗಂಟೆ ಹಿಡಿಯಲಿಲ್ಲ. ಕೆಲಸ ಅಚ್ಚುಕಟ್ಟಾಗಿ ಆಯಿತು.

ಸಿದ್ದಬಸಪ್ಪ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದ. ಅವತ್ತು ಹೇಳಿಕೊಟ್ಟವನು ಅವನೇ. ಇವತ್ತು, "ಎಂಟಕ್ಕೂ ಯಾಕೆ ಕೆಂಪಣ್ಣ," ಅಂದ. ಎರಡು ಸಾಕು ಅಂದಿದ್ದನಲ್ಲ, ಲೆಕ್ಕ ಅವನಿಗೇ ಸರಿಯಾಗಿ ಗೊತ್ತಿಲ್ಲ.

೧೧ ನವೆಂಬರ್, ಗುರುವಾರ

ಕಲ್ಯಾಣಿ ಬಂದಳು.

ಲಗ್ಗೆರೆಯಿಂದ ಎತ್ತಿನ ಗಾಡಿ, ಸಿಟಿಯಿಂದ ರೈಲು. ಅಕ್ಕಯ್ಯಮ್ಮ ತಾನೂ ಜೊತೆಗೆ ಬಂದು ಒಳಗೆಲ್ಲ ಓಡಾಡಿ ನೋಡಿದಳು. ಗೋಡೆ ಕುಟ್ಟಿದಳು, ಚಿಲಕ ಎಳೆದಳು. "ಇದೂ ಓಡಿಹೋಗಲ್ಲ ತಾನೆ ಬೀಗರೇ?" ಅಂದಳು.

"ಇಲ್ಲ," ಅಂದೆ.

ಅವಳು ಇನ್ನೂ ಏನಾದರೂ ಹೇಳುತ್ತೇನೆ ಅಂತ ಕಾದು ನಿಂತಳು. ಹೇಳುವುದೇನಿದೆ, ಓಡುವುದಿಲ್ಲ ಅಷ್ಟೆ. ಮಧ್ಯಾಹ್ನದ ಗಾಡಿಗೆ ಹೊರಟುಹೋದಳು. ಹೋಗುವಾಗ ಸೊಸೆಯ ತಲೆ ನೇವರಿಸಿದ್ದನ್ನು ನೋಡಿದೆ. ಅಷ್ಟು ಕೆಟ್ಟವಳಲ್ಲ.

ಹನುಮಕ್ಕ ಬೆಳಗ್ಗೆಯಿಂದ ನಿಂತಲ್ಲಿ ನಿಂತಿಲ್ಲ. ಹೊಸ ಒಲೆ, ಹೊಸ ಸಗಣಿ ನೆಲ. ಮುನಿವೆಂಕಟಪ್ಪನ ಆಳು ಎರಡು ಕೋಳಿ ವಾಪಸ್ಸು ಕೊಟ್ಟ, ಮೂರು ತಿಂದಿದ್ದಾನಂತೆ. ಕಲ್ಯಾಣಿ ಕಾಲು ಚಾಚಿಕೊಂಡು ಕಿಟಕಿಯ ಹತ್ತಿರ ಕೂತಿದ್ದಾಳೆ. ತೊಟ್ಟಿಲಿನ ಕೊಂಡಿ ಎಲ್ಲಿ ಅಂತ ಕೇಳಿದಳು. ಅಮ್ಮ ಹೇಳಿದ್ದಳಂತೆ. ಅದು ಹೋಯಿತು, ಹಲಗೆಗೆ ಹಗ್ಗ ಬಿಗಿದರೆ ಸಾಕು ಅಂದೆ. ಸರಿ ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪಾ, ಏನಾದ್ರೂ ಹೇಳು, ನಗು ಬರೋ ಹಂಗೆ. ಅಲ್ಲಿ ಯಾರೂ ನಗಿಸೋರಿರಲಿಲ್ಲ," ಅಂದಳು. ಏನೋ ಹೇಳಿದೆ. ಏನು ಅಂತ ಈಗ ನೆನಪಿಲ್ಲ. ಅವಳು ನಕ್ಕಳು, ನೆಂಟರ ಮನೆಯಲ್ಲಿ ನಕ್ಕ ಹಾಗೆ.

ಯಾರ್ಡಿನಲ್ಲಿ ಈಗ ಕೆಲಸ ಬೇಗ ಮುಗಿಯುತ್ತದೆ. ಮುಚ್ಚಳ ಎತ್ತು, ಒಂದು ತೊಟ್ಟು ಬಿಡು, ಮುಂದಕ್ಕೆ ಹೋಗು. ಎಲ್ಲರೂ ಹಾಗೇ ಮಾಡುತ್ತಾರೆ. ಇಷ್ಟು ವರ್ಷ ಒಂದೊಂದಕ್ಕೂ ಕೈ ಮುಟ್ಟಿಸಿ ನೋಡುತ್ತಾ ಯಾಕೆ ನಿಲ್ಲುತ್ತಿದ್ದೆನೋ. ಅರ್ಧ ಗಂಟೆ ಮುಂಚೆ ಬಂದರೆ ಮನೆಯಲ್ಲಿ ಮಾಡಲು ಬೇಕಾದಷ್ಟಿದೆ, ಚಾವಣಿಗೆ ಡಾಂಬರು ಬಳಿಯಬೇಕು. ಇವತ್ತು ಸಂಜೆ ಮೈಸೂರು ಗಾಡಿಗೆ ಬಿಟ್ಟೆನೋ ಇಲ್ಲವೋ... 

ಕಲ್ಯಾಣಿ ಕರೆಯುತ್ತಿದ್ದಾಳೆ. "ಅಪ್ಪಾ, ಮುದ್ದೆ ಆರ್ತಾ ಇದೆ, ಬಾ. ಕೈ ತೊಳ್ಕೊಂಡು ಬಾ, ಎಣ್ಣೆ ಕೈಲಿ ತಟ್ಟೆ ಮುಟ್ಟಬೇಡ."

ಮೂಸಿ ನೋಡಿದೆ. ಕೈಯಲ್ಲಿ ಎಣ್ಣೆಯೇ ಇಲ್ಲ. ಹೇಳಿದ್ದಾಳಲ್ಲ, ತೊಳೆದುಕೊಂಡೇ ಹೋಗುತ್ತೇನೆ.